ಜಿಂಕೆ ಕಾಡಿನಲ್ಲೇ ಇರಬೇಕಾ?

ಪ್ರಶ್ನೆ: ಕೃಷ್ಣಮೃಗ ಎಲ್ಲಿ ವಾಸಿಸುತ್ತದೆ ಎಂದರೆ ನನ್ನ ಐದನೇ ಕ್ಲಾಸಿನ ಮಕ್ಕಳು ‘ಕಾಡಲ್ಲಿ ಮಿಸ್’ ಎನ್ನುತ್ತಾರೆ. ಯಾಕೆ ಎಂದರೆ ಸುಮ್ಮನಾಗುತ್ತಾರೆ. ಆಧಾರ ಕೊಟ್ಟು ಮಾತಾಡುವುದನ್ನು ಹೇಗೆ ಕಲಿಸಲಿ?
– ಶಿಕ್ಷಕಿ, ಮಧುಗಿರಿ

ಉತ್ತರ: ನಿಮ್ಮ ತಾಲ್ಲೂಕಿನಲ್ಲೇ ಮೈದನಹಳ್ಳಿ ಇದೆಯಲ್ಲ ಮೇಡಂ, ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ಬಹುಪಾಲು ಹುಲ್ಲು ಬಯಲು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ನನ್ನದು ಒಂದೇ ನಿಯಮ: ‘ಅನ್ಸುತ್ತೆ’ ಸಾಲದು, ಕಂಡಿದ್ದು ಹೇಳಿ.

‘ದೂರದಿಂದಲೇ ನಮ್ಮನ್ನು ನೋಡಿ ಓಡಿದವು. ಮರ ಜಾಸ್ತಿ ಇದ್ದಿದ್ರೆ ನಾವು ಕಾಣ್ತಿರಲಿಲ್ಲ’ ಎಂದಳು ಒಬ್ಬಳು. ಆಧಾರ ಅಂದರೆ ಇದೇ ಅಲ್ವಾ? ಒಬ್ಬ ಹಿಕ್ಕೆಯ ರಾಶಿ ತೋರಿಸಿದ. ಗಂಡು ಕೃಷ್ಣಮೃಗ ತನ್ನ ಜಾಗ ಗುರುತಿಸಲು ಒಂದೇ ಕಡೆ ಹಿಕ್ಕೆ ಹಾಕುತ್ತದೆ. ‘ಕುರಿಯದ್ದೂ ಇರಬಹುದು’ ಎಂದು ಇನ್ನೊಬ್ಬ ಜಗಳ ತೆಗೆದ. ಖುಷಿಯಾಯಿತು. ಹಾಗಾದರೆ ಗೊರಸಿನ ಗುರುತು ಹುಡುಕಿ ಎಂದೆ.