ಹೊಸ ಎಸ್‌ಎಸ್‌ಡಿ 3 ಗಿಗಾಬಿಟ್‌ನಲ್ಲೇ ನಿಂತಿದೆ, ಲಿನಕ್ಸ್ ಡ್ರೈವರ್ ಬದಲಿಸಬೇಕೇ?

ಡ್ರೈವರ್ ಮುಟ್ಟಬೇಡಿ, ಅದು ಸರಿಯಾಗಿಯೇ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೇ ಡೆಸ್ಕ್‌ಟಾಪ್‌ಗೆ ಸಾಟಾ (ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ವ್ಯವಸ್ಥೆ) ಎಸ್‌ಎಸ್‌ಡಿ ಹಾಕಿದ್ದೀರಿ. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದಿಡುವ ಲಾಗ್‌ನಲ್ಲಿ ಒಂದು ಸಾಲು ಸೆಕೆಂಡಿಗೆ 6 ಗಿಗಾಬಿಟ್ ಅನ್ನುತ್ತದೆ, ಇನ್ನೊಂದು 3.0, ಮತ್ತೊಂದು ಯುಡಿಎಂಎ 133. ಯಾವುದನ್ನು ನಂಬೋದು ಅಂತ ಕೇಳಿದ್ದೀರಿ. ಮೂರೂ ನಿಜ, ಆದರೆ ಒಂದೊಂದು ಒಂದೊಂದು ವಿಷಯ ಹೇಳುತ್ತಿದೆ.

6 ಅನ್ನುವುದು ಎಎಚ್‌ಸಿಐ ಕಂಟ್ರೋಲರ್‌ನ, ಅಂದರೆ ಮದರ್‌ಬೋರ್ಡ್‌ನಲ್ಲಿ ಸಾಟಾ ಪೋರ್ಟ್‌ಗಳನ್ನು ನಡೆಸುವ ಭಾಗದ ಗರಿಷ್ಠ ಸಾಮರ್ಥ್ಯ. ಎಲ್ಲ ಪೋರ್ಟಿಗೂ ಅಷ್ಟು ಸಿಗಬೇಕೆಂದಿಲ್ಲ. 2011ರಲ್ಲಿ ಬಂದ ಇಂಟೆಲ್ ಎಚ್67, ಪಿ67 ಚಿಪ್‌ಸೆಟ್‌ಗಳ ಆರು ಪೋರ್ಟ್‌ಗಳಲ್ಲಿ ಎರಡಕ್ಕೆ ಮಾತ್ರ 6, ಉಳಿದ ನಾಲ್ಕಕ್ಕೆ 3. ಯುಡಿಎಂಎ 133 ಅನ್ನುವುದು ಅಗಲ ಪಟ್ಟಿ ಕೇಬಲ್ ಕಾಲದ ವೇಗದ ಹೆಸರು, ಬರೀ ಉಳಿಕೆ. ಸೆಕೆಂಡಿಗೆ 500 ಮೆಗಾಬೈಟ್ ಓದುವ ಎಸ್‌ಎಸ್‌ಡಿಗೂ ಅದೇ ಬರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

ಅಸಲು ವಿಷಯ ಇರುವುದು ‘ಲಿಂಕ್ ಅಪ್ 3.0’ ಸಾಲಿನ ಕೊನೆಯಲ್ಲಿ. ನಿಮ್ಮದರಲ್ಲಿ ಎಸ್‌ಸ್ಟೇಟಸ್ 123, ಎಸ್‌ಕಂಟ್ರೋಲ್ 320 ಅಂತಿದೆ. ಎರಡರಲ್ಲೂ ನಡುವಿನ ಅಂಕಿ ನೋಡಿ: 1 ಇದ್ದರೆ 1.5 ಗಿಗಾಬಿಟ್, 2 ಇದ್ದರೆ 3, 3 ಇದ್ದರೆ 6. ಎಸ್‌ಸ್ಟೇಟಸ್‌ನಲ್ಲಿ ಅದು ಈಗ ಓಡುತ್ತಿರುವ ವೇಗ, ಎಸ್‌ಕಂಟ್ರೋಲ್‌ನಲ್ಲಿ ಹಾಕಿರುವ ಮಿತಿ. ಅಲ್ಲಿ 0 ಇದ್ದರೆ ಮಿತಿಯೇ ಇಲ್ಲ. ನಿಮಗೆ ಎಸ್‌ಕಂಟ್ರೋಲ್ 300 ಬಂದಿದ್ದರೆ, ಪೋರ್ಟೇ 3ರದ್ದಿರಬೇಕು, ಪಕ್ಕದ್ದಕ್ಕೆ ಹಾಕಿ ನೋಡಿ ಅನ್ನುತ್ತಿದ್ದೆ. ಆದರೆ 320 ಬಂದಿದೆ, ಅಂದರೆ ವೇಗಕ್ಕೆ ಬೇಕಂತಲೇ ಕಡಿವಾಣ ಬಿದ್ದಿದೆ. ಬೂಟ್ ಆದ ಕೂಡಲೇ ಮೊದಲ ಸಾಲಿನಿಂದಲೂ 320 ಇದ್ದರೆ ಬಯೋಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗ್ ನೋಡಿ. ಮೊದಲು 300 ಇದ್ದು, ನಡುವೆ ‘ಲಿಮಿಟಿಂಗ್ ಸಾಟಾ ಲಿಂಕ್ ಸ್ಪೀಡ್’ ಅನ್ನುವ ಸಾಲು ಬಂದಿದ್ದರೆ ಅದು ಲಿಬ್‌ಎಟಿಎ, ಅಂದರೆ ಕರ್ನಲ್‌ನಲ್ಲಿ ಸಾಟಾ ಡಿಸ್ಕ್‌ಗಳನ್ನು ನೋಡಿಕೊಳ್ಳುವ ಭಾಗ ಮಾಡಿದ ಕೆಲಸ. ಮೇಲಿಂದ ಮೇಲೆ ತಪ್ಪು ಬಂದಾಗ ಅದು ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ. ನಿಮ್ಮ ಡೇಟಾ ಉಳಿಯಲಿ ಅಂತ ಇಳಿಸಿದ್ದನ್ನು ಬಲವಂತವಾಗಿ ಏರಿಸುವ ದಾರಿ ಹುಡುಕಬೇಡಿ, ತಪ್ಪು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ.

ಬಹುಮಟ್ಟಿಗೆ ಕೇಬಲ್ಲೇ ಇರುತ್ತದೆ. ಡಿಸ್ಕ್‌ನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಆಜ್ಞೆ ಓಡಿಸಿ, 199 ಎಂಬ ಸಂಖ್ಯೆಯಿಂದ ಶುರುವಾಗುವ ಸಾಲಿನ ಸಿಆರ್‌ಸಿ ಎಣಿಕೆ (ಕೇಬಲ್ ದಾರಿಯಲ್ಲಿ ಡೇಟಾ ಕೆಟ್ಟ ಸಲಗಳ ಲೆಕ್ಕ) ಬರೆದಿಟ್ಟುಕೊಳ್ಳಿ. ಆ ಸಂಖ್ಯೆ ಯಾವತ್ತೂ ಕೆಳಗಿಳಿಯುವುದಿಲ್ಲ, ಹಾಗಾಗಿ ಸೊನ್ನೆಯಾಗಲಿ ಅಂತ ಕಾಯಬೇಡಿ. ಮುಂದೆ ಏರುತ್ತದೆಯೇ ಅನ್ನುವುದಷ್ಟೇ ಮುಖ್ಯ. ಕಂಪ್ಯೂಟರ್ ಆಫ್ ಮಾಡಿ ಕೇಬಲ್ ಬದಲಿಸಿ. ಎಸ್.ಪಿ. ರಸ್ತೆಯಲ್ಲೇ ಸಿಗುತ್ತದೆ, ಎರಡೂ ತುದಿಯಲ್ಲಿ ಲೋಹದ ಕ್ಲಿಪ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಒಳಗೆ ಜೋಡಿಸುವಾಗ ಚೂಪಾಗಿ ಮಡಚಬೇಡಿ. ಆಮೇಲೆ ದೊಡ್ಡದೊಂದು ಫೈಲ್ ಕಾಪಿ ಮಾಡಿ ಮತ್ತೆ 199 ನೋಡಿ.

ಸಾಟಾದಲ್ಲಿ ಒಂದು ಬೈಟ್ ಕಳಿಸಲು 10 ಬಿಟ್ ಖರ್ಚಾಗುತ್ತದೆ, ಹಾಗಾಗಿ 3 ಗಿಗಾಬಿಟ್ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 300 ಮೆಗಾಬೈಟ್. ಓದುವ ವೇಗ ಅಳೆಯುವ ಎಚ್‌ಡಿಪಾರ್ಮ್ ಆಜ್ಞೆಯಲ್ಲಿ ನಿಮಗೆ 270 ಬಂದಿರುವುದು ಅದಕ್ಕೇ. ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಈ ಯಾವ ಗೋಜೂ ಬೇಡ ಅನ್ನುತ್ತಿದ್ದೆ, ಅದು 300 ಮುಟ್ಟುವುದೇ ಅಪರೂಪ. ಎಸ್‌ಎಸ್‌ಡಿಗೆ ಮಾತ್ರ ಅರ್ಧಕ್ಕರ್ಧ ನಷ್ಟ.

ಕೇಬಲ್ ಬದಲಿಸಿದ ಮೇಲೂ 320 ಬಂದರೆ ಆ ಸಾಲು ಮತ್ತು 199ರ ಎರಡೂ ಸಂಖ್ಯೆ ಇಲ್ಲಿ ಹಾಕಿ. ಮುಂದೆ ಪೋರ್ಟ್, ಆಮೇಲೆ ಪವರ್ ಕನೆಕ್ಟರ್ ನೋಡೋಣ.