ಹಳೆಯ ಬೆಂಚ್ ವೈಸ್ ಕೊಳ್ಳುವ ಮುನ್ನ ಏನನ್ನು ನೋಡಬೇಕು, ಅದರ ತಯಾರಕರನ್ನು ಗುರುತಿಸುವುದು ಹೇಗೆ?

ಮುಚ್ಚಿಹೋದ ವರ್ಕ್‌ಶಾಪ್ ಒಂದರಲ್ಲಿ ತುಕ್ಕು ಹಿಡಿದ ಭಾರವಾದ ಬೆಂಚ್ ವೈಸ್ (ಕೆಲಸದ ಮೇಜಿಗೆ ಕೂರಿಸಿ, ವಸ್ತುವನ್ನು ಎರಡು ದವಡೆಗಳ ನಡುವೆ ಸ್ಕ್ರೂವಿನಿಂದ ಬಿಗಿದು ಹಿಡಿಯುವ ಸಾಧನ) ಮಾರಾಟಕ್ಕಿದೆ, ಅಕ್ಷರಗಳ ಮೇಲೆ ಹಲವು ಸುತ್ತಿನ ಬಣ್ಣ ಕುಳಿತಿರುವುದರಿಂದ ಹೆಸರು ಓದಲಾಗುತ್ತಿಲ್ಲ ಎಂದು ಬರೆದಿದ್ದೀರಿ. ಅದನ್ನು ಯಾರು ಯಾವಾಗ ತಯಾರಿಸಿದರು, ಕೊಳ್ಳಬಹುದೇ, ತಂದ ಮೇಲೆ ಹೇಗೆ ಶುಚಿ ಮಾಡಬೇಕು ಎಂಬುದು ನಿಮ್ಮ ಪ್ರಶ್ನೆ. ಬಹಳ ಕಾಲದಿಂದ ಹಳೆಯ ವೈಸ್‌ಗಳನ್ನು ಬಿಚ್ಚಿ, ಸರಿಪಡಿಸಿ, ಬಳಸುತ್ತ ಬಂದಿರುವವನಾಗಿ ನಾನು ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ತಯಾರಕರ ಹೆಸರು ಎಷ್ಟೇ ದೊಡ್ಡದಿರಲಿ, ಎರಕ, ಅಂದರೆ ಲೋಹ ಎರೆದು ಮಾಡಿದ ದೇಹ, ಒಡೆದಿದ್ದರೆ ಆ ವೈಸ್ ಕೆಲಸಕ್ಕೆ ಬರುವುದಿಲ್ಲ. ಹೆಸರೇ ಇಲ್ಲದಿದ್ದರೂ ಎರಕ, ಸ್ಕ್ರೂ, ನಟ್ ಮೂರೂ ಗಟ್ಟಿಯಾಗಿದ್ದರೆ ಅದು ಇನ್ನೊಂದು ತಲೆಮಾರು ದುಡಿಯುತ್ತದೆ.

ಕೊಳ್ಳುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಕಾಣುತ್ತಿರುವ ದೋಷವನ್ನು ನಾನಾಗಲಿ, ಪಕ್ಕದ ಟರ್ನರ್ ಆಗಲಿ ಸರಿಪಡಿಸಬಲ್ಲೆವೇ? ತುಕ್ಕು, ಹೋದ ಬಣ್ಣ, ಬಾಗಿದ ಹ್ಯಾಂಡಲ್, ಹಲ್ಲು ಸವೆದ ಜಾ ಪ್ಲೇಟ್ (ದವಡೆಯ ಮುಖಕ್ಕೆ ಕೂರಿಸುವ ಪಟ್ಟಿ), ಕಳೆದುಹೋದ ಬೋಲ್ಟ್ ಇವೆಲ್ಲ ಸರಿಹೋಗುವಂಥವು. ನೋಡುವವರನ್ನು ಹೆದರಿಸುವುದು ಸಾಮಾನ್ಯವಾಗಿ ಇವೇ, ಬೆಲೆ ಇಳಿಸುವುದೂ ಇವೇ. ಸರಿಹೋಗದಿರುವುದು ದವಡೆಯ ಬುಡದ ಬಿರುಕು, ಸ್ಲೈಡ್ (ಚಲಿಸುವ ದವಡೆಗೆ ಸೇರಿ ದೇಹದೊಳಗೆ ಜಾರುವ ದಂಡ) ಓಡುವ ಗೂಡಿನ ಸೀಳು, ಸವೆದು ತೆಳ್ಳಗಾದ ನಟ್. ಹೊಸ ಸ್ಕ್ರೂ ಮತ್ತು ನಟ್ ಮಾಡಿಸಲು ಸಾಧ್ಯವಿದ್ದರೂ ಚೌಕ ಥ್ರೆಡ್ ಅಥವಾ ಆಕ್ಮಿ ಥ್ರೆಡ್ (ಬದಿಗಳು ಓರೆಯಾಗಿರುವ ಥ್ರೆಡ್) ಕಡಿಯುವ ಕೆಲಸಕ್ಕೆ ಆಗುವ ಖರ್ಚು ಎಷ್ಟೋ ವೇಳೆ ಇಡೀ ವೈಸ್‌ನ ಬೆಲೆಯನ್ನು ಮೀರುತ್ತದೆ.

ಬಿರುಕನ್ನು ಹುಡುಕುವಾಗ ಕಣ್ಣನ್ನು ಮೂರು ಕಡೆ ನಿಲ್ಲಿಸಿ. ಸ್ಥಿರ ದವಡೆಯು ದೇಹದಿಂದ ಮೇಲೇಳುವ ಬುಡ, ಸ್ಲೈಡ್ ಹಾದುಹೋಗುವ ರಂಧ್ರದ ಮೂಲೆಗಳು ಮತ್ತು ಬೆಂಚಿಗೆ ಬೋಲ್ಟ್ ಕೂರುವ ಕಿವಿಗಳು. ಹ್ಯಾಂಡಲ್‌ಗೆ ಉದ್ದನೆಯ ಪೈಪ್ ಸಿಕ್ಕಿಸಿ ಬಿಗಿದವರು ಮೊದಲು ಒಡೆಯುವುದು ಈ ಜಾಗಗಳನ್ನೇ. ಆದ್ದರಿಂದ ಹ್ಯಾಂಡಲ್ ಬಿಲ್ಲಿನಂತೆ ಬಾಗಿದ್ದರೆ, ಅಥವಾ ಮೂಲ ಹ್ಯಾಂಡಲ್ ತೆಗೆದು ಉದ್ದವಾದ ಸರಳು ಹಾಕಿದ್ದರೆ, ಆ ವೈಸ್ ತನ್ನ ಶಕ್ತಿಗೆ ಮೀರಿದ ಒತ್ತಡ ತಿಂದಿದೆ ಎಂದು ತಿಳಿದು ಇನ್ನಷ್ಟು ಎಚ್ಚರದಿಂದ ನೋಡಬೇಕು. ಸಂಶಯವಿರುವ ಜಾಗದ ಬಣ್ಣವನ್ನು ಸ್ವಲ್ಪ ತೆಗೆದು, ಸೀಮೆಎಣ್ಣೆ ಸವರಿ, ಕೆಲವು ನಿಮಿಷ ಬಿಟ್ಟು, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಅದರ ಮೇಲೆ ಸೀಮೆಸುಣ್ಣ ಉಜ್ಜಿರಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ನಿಧಾನವಾಗಿ ಹೊರಗೆ ಜಿನುಗಿ, ಬಿಳಿಯ ಮೇಲೆ ಕೂದಲಿನಷ್ಟು ತೆಳ್ಳನೆಯ ಕಪ್ಪು ಗೆರೆ ಮೂಡುತ್ತದೆ. ಎರಕದ ಮೇಲಿನ ಸಾಧಾರಣ ಗೀರು ಹೀಗೆ ಜಿನುಗುವುದಿಲ್ಲ. ಬಣ್ಣದ ಕೆಳಗೆ ಹಿತ್ತಾಳೆಯ ಹಳದಿ ಗೆರೆ ಕಂಡರೆ ಅದು ಹಿಂದೆ ಒಡೆದು ಬ್ರೇಜಿಂಗ್ (ಹಿತ್ತಾಳೆ ಕರಗಿಸಿ ಬೆಸೆಯುವುದು) ಮಾಡಿಸಿಕೊಂಡ ವೈಸ್. ಚೆನ್ನಾಗಿ ಮಾಡಿದ ಬ್ರೇಜಿಂಗ್ ಹಗುರ ಕೆಲಸಕ್ಕೆ ವರ್ಷಗಟ್ಟಲೆ ನಿಲ್ಲುತ್ತದೆ, ಆದರೆ ಸಂಗ್ರಹಕಾರರ ದೃಷ್ಟಿಯಲ್ಲಿ ಅದರ ಬೆಲೆ ಬಹಳ ಇಳಿಯುತ್ತದೆ, ನೀವು ಕೊಡುವ ಬೆಲೆಯೂ ಇಳಿಯಬೇಕು. ಇಡೀ ವೈಸ್‌ಗೆ ಮಾರುವ ಮುನ್ನಾದಿನ ಬಳಿದಂತೆ ದಪ್ಪನೆಯ ಹೊಸ ಬಣ್ಣವಿದ್ದರೆ, ತುಕ್ಕು ಹಿಡಿದದ್ದಕ್ಕಿಂತ ಅದನ್ನೇ ನಾನು ಹೆಚ್ಚು ಅನುಮಾನಿಸುತ್ತೇನೆ.

ಇನ್ನು ಸ್ಕ್ರೂ ಮತ್ತು ನಟ್. ದವಡೆಗಳನ್ನು ಸುಮಾರು ಒಂದು ಇಂಚಿನಷ್ಟು ತೆರೆದಿಟ್ಟು, ಹ್ಯಾಂಡಲ್ ತಿರುಗಿಸದೆ ಚಲಿಸುವ ದವಡೆಯನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಎಳೆದು ಎಷ್ಟು ಸಡಿಲವಿದೆ ಎಂದು ಗಮನಿಸಿ. ಬಳಿಕ ಪೂರ್ತಿ ತೆರೆಯುವ ಹಂತಕ್ಕೆ ತಂದು ಅದನ್ನೇ ಮತ್ತೆ ಮಾಡಿ. ಬಹುಪಾಲು ಕೆಲಸ ನಡೆಯುವುದು ದವಡೆ ಸ್ವಲ್ಪವೇ ತೆರೆದಿರುವಾಗ. ಆಗ ನಟ್ ಹಿಡಿದಿರುವುದು ಹ್ಯಾಂಡಲ್ ಕಡೆಯ ಥ್ರೆಡ್‌ಗಳನ್ನು. ಆದ್ದರಿಂದ ಮುಚ್ಚುವ ಹಂತದಲ್ಲಿ ಸಡಿಲ ಹೆಚ್ಚಾಗಿ, ತೆರೆದಾಗ ಕಡಿಮೆಯಾದರೆ ಸ್ಕ್ರೂ ಸವೆದಿದೆ. ಎರಡೂ ಕಡೆ ಒಂದೇ ರೀತಿ ಹೆಚ್ಚಾಗಿದ್ದರೆ ನಟ್ ಸವೆದಿರಬಹುದು, ಇಲ್ಲವೇ ಸ್ಕ್ರೂವನ್ನು ಮುಂದಿನ ದವಡೆಗೆ ಹಿಡಿದಿಡುವ ಕಾಲರ್ ಸಡಿಲವಾಗಿರಬಹುದು. ಕಾಲರ್ ಸಡಿಲವೆಂಬುದು ವಾಷರ್ ಹಾಕಿ ಮುಗಿಸುವ ಕೆಲಸ. ಮಾರುವವರು ಒಪ್ಪಿದರೆ ಮುಂದಿನ ದವಡೆಯನ್ನು ಪೂರ್ತಿ ಹೊರತೆಗೆದು ಥ್ರೆಡ್‌ನ ತಲೆಯನ್ನು ನೋಡಿ. ಹೊಸದರಲ್ಲಿ ಅಗಲವಾಗಿ ಚಪ್ಪಟೆಯಾಗಿರುವ ತಲೆ ಸವೆದು ಚೂಪಾಗಿದ್ದರೆ ಆ ವೈಸನ್ನು ಬಿಟ್ಟುಬಿಡುವುದೇ ಒಳ್ಳೆಯದು.

ದವಡೆಗಳ ನೇರವನ್ನು ಪರೀಕ್ಷಿಸಲು ಎರಡು ತೆಳು ಕಾಗದದ ಪಟ್ಟಿ ಸಾಕು. ಒಂದನ್ನು ಎಡತುದಿಯಲ್ಲಿ, ಇನ್ನೊಂದನ್ನು ಬಲತುದಿಯಲ್ಲಿ ಇಟ್ಟು ಹಗುರಾಗಿ ಬಿಗಿದು ಎಳೆದು ನೋಡಿ. ಎರಡೂ ಒಂದೇ ಬಿಗುವಿನಲ್ಲಿ ನಿಲ್ಲಬೇಕು. ಮೇಲಂಚು ಮೊದಲು ತಾಗಿ ಕೆಳಗೆ ಕೂದಲೆಳೆಯಷ್ಟು ಬೆಳಕು ಕಂಡರೆ ಗಾಬರಿಯಾಗಬೇಡಿ, ಎಷ್ಟೋ ವೈಸ್‌ಗಳನ್ನು ಹಾಗೆಯೇ ತಯಾರಿಸಲಾಗುತ್ತದೆ. ಬಿಗಿದಂತೆ ಚಲಿಸುವ ದವಡೆ ಸ್ವಲ್ಪ ಮೇಲೇಳುವುದರಿಂದ ಕೊನೆಗೆ ಎರಡೂ ಸಮವಾಗಿ ಕೂರುತ್ತವೆ. ಹಿಂದಿನ ಆನ್ವಿಲ್ ಭಾಗದ (ಇಟ್ಟು ಬಡಿಯಲು ಬಿಟ್ಟ ಚಪ್ಪಟೆ ಜಾಗ) ಮೇಲಿನ ಸುತ್ತಿಗೆ ಗುರುತುಗಳಿಗೂ ಹೆಚ್ಚು ಬೆಲೆ ಕೊಡಬೇಕಿಲ್ಲ.

ವೈಸ್ ಒಡೆಯುವುದೂ ಒಡೆಯದಿರುವುದೂ ಬಹಳಮಟ್ಟಿಗೆ ಲೋಹವನ್ನು ಅವಲಂಬಿಸಿದೆ, ವಯಸ್ಸು ಊಹಿಸಲೂ ಇದು ನೆರವಾಗುತ್ತದೆ. ಹಳೆಯ ವೈಸ್‌ಗಳಲ್ಲಿ ಹೆಚ್ಚಿನವು ಬೂದು ಬೀಡುಕಬ್ಬಿಣದವು. ಅದರೊಳಗೆ ಗ್ರಾಫೈಟ್ ತೆಳು ಪದರಗಳಾಗಿ ಕುಳಿತಿರುತ್ತದೆ, ಒತ್ತಡವನ್ನು ಚೆನ್ನಾಗಿ ತಾಳಿದರೂ ಎಳೆತಕ್ಕೆ ಆ ಪದರಗಳ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ. ಬೀಡನ್ನು ದಿನಗಟ್ಟಲೆ ಕಾಯಿಸಿ ಬಾಗುವ ಗುಣ ತರುವ ಮ್ಯಾಲಿಯಬಲ್ ಕಬ್ಬಿಣವೂ, ಎರಕದ ಉಕ್ಕೂ ಆಗ ಬಳಕೆಯಲ್ಲಿದ್ದವು. ಮೆಗ್ನೀಷಿಯಂ ಸೇರಿಸಿ ಗ್ರಾಫೈಟನ್ನು ಗುಂಡಗೆ ಮಾಡುವ ಡಕ್ಟೈಲ್ ಕಬ್ಬಿಣವನ್ನು ಕೀತ್ ಮಿಲ್ಲಿಸ್ ಇಂಟರ್‌ನ್ಯಾಷನಲ್ ನಿಕಲ್ ಕಂಪನಿಯಲ್ಲಿ ಕಂಡುಕೊಂಡದ್ದು 1943ರಲ್ಲಿ, ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1949ರಲ್ಲಿ. ಹಾಗಾಗಿ 1920ರ ವೈಸ್ ಒಂದನ್ನು ಡಕ್ಟೈಲ್ ಕಬ್ಬಿಣದ್ದೆಂದು ಯಾರಾದರೂ ಮಾರಿದರೆ ಆ ಎರಡು ಮಾತುಗಳಲ್ಲಿ ಒಂದು ಸುಳ್ಳು.

ಗುರುತಿಸುವ ಕೆಲಸಕ್ಕೆ ಬರೋಣ. ಉಬ್ಬು ಅಕ್ಷರಗಳು ಸಾಮಾನ್ಯವಾಗಿ ದೇಹದ ಎರಡು ಪಕ್ಕಗಳಲ್ಲಿ ಅಥವಾ ಚಲಿಸುವ ದವಡೆಯ ಬದಿಯಲ್ಲಿರುತ್ತವೆ. ಬಣ್ಣವನ್ನು ಕೆರೆಯಬೇಡಿ, ಟಾರ್ಚನ್ನು ಮೇಲ್ಮೈಗೆ ತಾಗುವಷ್ಟು ಓರೆಯಾಗಿ ಹಿಡಿದರೆ ನೆರಳಿನಲ್ಲಿ ಅಕ್ಷರಗಳು ಎದ್ದು ಕಾಣುತ್ತವೆ, ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೂ ಮೂಡುತ್ತವೆ. ಇಲ್ಲಿ ಹೊಸಬರು ಎರಡು ಕಡೆ ದಾರಿ ತಪ್ಪುತ್ತಾರೆ. ಒಂದೊಂದು ಭಾಗದ ಮೇಲೂ ಇರುವ ಸಣ್ಣ ಸಂಖ್ಯೆ ಹಲವು ವೇಳೆ ಎರಕದ ಅಚ್ಚಿನ ಸಂಖ್ಯೆಯಾಗಿರುತ್ತದೆಯೇ ಹೊರತು ಮಾಡೆಲ್ ಸಂಖ್ಯೆಯಲ್ಲ. ಎರಡನೆಯದಾಗಿ, ಪೇಟೆಂಟ್ ದಿನಾಂಕವು ತಯಾರಾದ ದಿನಾಂಕವಲ್ಲ. ಒಂದೇ ಅಚ್ಚಿನಿಂದ ಬಹುಕಾಲ ಎರಕ ಹೊಯ್ದಿರಬಹುದು. ಆ ದಿನಾಂಕಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅದರಿಂದ ಹೇಳಬಹುದು.

ಮಾಡೆಲ್ ಸಂಖ್ಯೆಯ ಅರ್ಥವೂ ಕಂಪನಿಯಿಂದ ಕಂಪನಿಗೆ ಬೇರೆ. ಪೆನ್ಸಿಲ್ವೇನಿಯಾದ ಈರಿ ಪಟ್ಟಣದ ರೀಡ್ ಕಂಪನಿಯ 104 ಎಂದರೆ 4 ಇಂಚಿನ ದವಡೆ, 106 ಎಂದರೆ 6 ಇಂಚು. ಆದರೆ ಇಂಗ್ಲೆಂಡಿನ ಶೆಫೀಲ್ಡ್‌ನ ರೆಕಾರ್ಡ್ ಕಂಪನಿಯ 3ನೇ ನಂಬರ್ ವೈಸ್‌ನ ದವಡೆ 4 ಇಂಚಿನದು. ಆದ್ದರಿಂದ ಸಂಖ್ಯೆಯನ್ನು ನಂಬಿ ಕೂರದೆ ದವಡೆಯ ಅಗಲ ಮತ್ತು ಪೂರ್ತಿ ತೆರೆದಾಗಿನ ಅಂತರವನ್ನು ಅಳೆದುಕೊಳ್ಳಿ.

ಅತ್ಯಂತ ಖಚಿತವಾಗಿ ಕಾಲ ಹೇಳಬಹುದಾದದ್ದು ವಿಲ್ಟನ್. ಹ್ಯೂ ವೋಗಲ್ 1941ರಲ್ಲಿ ಶಿಕಾಗೋದಲ್ಲಿ ಆರಂಭಿಸಿದ ಈ ಕಂಪನಿಯ ಬುಲೆಟ್ ವೈಸ್‌ನ ಹಿಂಭಾಗ ಗುಂಡಿನ ಆಕಾರದಲ್ಲಿರುತ್ತದೆ, ಸ್ಕ್ರೂ ಪೂರ್ತಿಯಾಗಿ ಕೊಳವೆಯೊಳಗೆ ಅಡಗಿರುವುದರಿಂದ ಲೋಹದ ಪುಡಿ ಅದಕ್ಕೆ ತಾಗುವುದಿಲ್ಲ. ಹಳೆಯ ವಿಲ್ಟನ್‌ಗಳ ಥ್ರೆಡ್ ಅಷ್ಟು ಚೆನ್ನಾಗಿ ಉಳಿದಿರಲು ಇದೇ ಕಾರಣ. ಸ್ಲೈಡನ್ನು ಪೂರ್ತಿ ಹೊರಗೆಳೆದು ತಲೆಕೆಳಗು ಮಾಡಿದರೆ, ಅಡಿಯಲ್ಲಿ ಉದ್ದಕ್ಕೂ ಓಡುವ ಪಟ್ಟಿಯ ಮೇಲೆ ತಿಂಗಳು ಮತ್ತು ವರ್ಷ ಒತ್ತಿರುವುದು ಕಾಣುತ್ತದೆ. ಆರಂಭದ ವರ್ಷಗಳಲ್ಲಿ ಒತ್ತುತ್ತಿದ್ದುದು ಐದು ವರ್ಷದ ಗ್ಯಾರಂಟಿ ಮುಗಿಯುವ ದಿನಾಂಕ. ಹಾಗಾಗಿ ದಿನಾಂಕದ ಜೊತೆ ಗ್ಯಾರಂಟಿಯ ಪ್ರಸ್ತಾಪವಿದ್ದರೆ ಅದರಿಂದ ಐದು ವರ್ಷ ಕಳೆಯಬೇಕು. ಎರಕದ ಮೇಲಿನ ಊರಿನ ಹೆಸರೂ ಸುಳಿವು ಕೊಡುತ್ತದೆ, ಏಕೆಂದರೆ ಕಂಪನಿ 1957ರಲ್ಲಿ ಶಿಕಾಗೋದಿಂದ ಶಿಲ್ಲರ್ ಪಾರ್ಕ್‌ಗೆ ಸ್ಥಳಾಂತರಗೊಂಡಿತು.

ಉಳಿದ ಹೆಸರುಗಳಲ್ಲಿ ಕನೆಕ್ಟಿಕಟ್‌ನ ಮೆರಿಡೆನ್ ಪಟ್ಟಣದ ಚಾರ್ಲ್ಸ್ ಪಾರ್ಕರ್ ವೈಸ್‌ಗಳ ಮೇಲೆ ನನಗೆ ವಿಶೇಷ ಪ್ರೀತಿ. ಅವುಗಳ ಎರಕದ ದಪ್ಪ ಮತ್ತು ಗೆರೆಗಳ ಚೆಲುವನ್ನು ಒಮ್ಮೆ ಕಂಡವರು ಮರೆಯಲಾರರು. ಮ್ಯಾಸಚೂಸೆಟ್ಸ್‌ನ ಅಥಾಲ್ ಮೆಷಿನ್ ಕಂಪನಿಯನ್ನು ಅದೇ ಊರಿನ ಅಳತೆ ಉಪಕರಣಗಳ ತಯಾರಕರಾದ ಸ್ಟಾರೆಟ್ 1905ರಲ್ಲಿ ಕೊಂಡುಕೊಂಡರು, ಆದ್ದರಿಂದ ಎರಡೂ ಹೆಸರು ಒಟ್ಟಿಗೆ ಇರುವ ವೈಸ್ ಅದಕ್ಕಿಂತ ಈಚಿನದು. ಕ್ಲೀವ್‌ಲ್ಯಾಂಡ್‌ನ ಕೊಲಂಬಿಯನ್, ಮೆಲ್ಬರ್ನ್‌ನ ಡಾನ್, ಬಡಿದು ಮಾಡಿದ ಉಕ್ಕಿನ ಜರ್ಮನ್ ಹೋಯರ್ ಇವೆಲ್ಲವೂ ನಂಬಿಕೆಗೆ ಯೋಗ್ಯ. ಇಂಗ್ಲೆಂಡಿನ ಶಿಪ್ಲಿಯ ಪಾರ್ಕಿನ್ಸನ್ ವೈಸ್‌ಗಳಲ್ಲಿ ಸನ್ನೆಕೋಲು ಒತ್ತಿದರೆ ಅರ್ಧ ನಟ್ (ಸ್ಕ್ರೂವನ್ನು ಒಂದೇ ಬದಿಯಿಂದ ಕಚ್ಚುವ ನಟ್) ಕಳಚಿಕೊಂಡು ದವಡೆ ಸರಾಗವಾಗಿ ಜಾರುವ ವ್ಯವಸ್ಥೆಯಿದೆ. ಅಂಥ ವೈಸ್ ಕೊಳ್ಳುವಾಗ ಜೋರಾಗಿ ಬಿಗಿದು, ಅರ್ಧ ನಟ್ ಜಿಗಿಯುತ್ತದೆಯೇ ಎಂದು ತಪ್ಪದೆ ನೋಡಿ. ಹಳೆಯ ಕ್ರಾಫ್ಟ್ಸ್‌ಮನ್ ವೈಸ್‌ಗಳನ್ನು ಅಮೆರಿಕದ ಅಂಗಡಿ ಸಂಸ್ಥೆ ಸಿಯರ್ಸ್ ಬೇರೆ ಬೇರೆ ತಯಾರಕರಿಂದ ಮಾಡಿಸಿಕೊಳ್ಳುತ್ತಿತ್ತು, ಅಲ್ಲಿ ಹೆಸರಿಗಿಂತ ಎರಕದ ಆಕಾರವೇ ಹೆಚ್ಚು ಹೇಳುತ್ತದೆ.

ನೀವು ನೋಡಿರುವುದಕ್ಕೆ ನೆಲದವರೆಗೆ ಇಳಿಯುವ ಕಾಲಿದ್ದರೆ ಅದು ಕಮ್ಮಾರರ ಲೆಗ್ ವೈಸ್. ಬಡಿದು ಮಾಡಿದ ಕಬ್ಬಿಣದ ಅದರ ದವಡೆಗಳು ಕೆಳಗಿನ ಕೀಲಿನ ಮೇಲೆ ತೆರೆದುಕೊಳ್ಳುವುದರಿಂದ ಸಮಾಂತರವಾಗಿ ನಿಲ್ಲುವುದಿಲ್ಲ, ಆದರೆ ಸುತ್ತಿಗೆಯ ಏಟು ಕಾಲಿನ ಮೂಲಕ ನೆಲಕ್ಕೆ ಹೋಗುತ್ತದೆ. ಬಡಿಯುವ ಕೆಲಸಕ್ಕೆ ಅದಕ್ಕೆ ಸಾಟಿಯಿಲ್ಲ; ಅರ ಹಾಕುವ, ಗರಗಸ ಹಿಡಿಯುವ ಕೆಲಸಕ್ಕೆ ಸಾಮಾನ್ಯ ಬೆಂಚ್ ವೈಸ್ ಬೇಕು.

ತಂದ ಮೇಲೆ ಮೊದಲು ಎಲ್ಲ ಕೀಲುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಒಂದೆರಡು ದಿನ ಸುಮ್ಮನಿರಿ. ಬಲವಂತವಾಗಿ ಬಿಚ್ಚಿದಾಗ ಮುರಿಯುವುದು ಜಾ ಪ್ಲೇಟ್‌ನ ಸ್ಕ್ರೂಗಳೇ. ಕೆಲವದರಲ್ಲಿ ಸ್ಕ್ರೂ ಬದಲು ಪಿನ್ ಹೊಡೆದಿರುತ್ತಾರೆ, ಅದನ್ನು ನೋಡದೆ ಸ್ಕ್ರೂಡ್ರೈವರ್ ಹಾಕಬೇಡಿ. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಇರುವುದರಿಂದ ಒಣಗಿದ್ದಾಗ ಉಜ್ಜುವುದಾಗಲಿ, ಬೆಂಕಿಯಿಂದ ಸುಡುವುದಾಗಲಿ ಬೇಡ. ಬಣ್ಣ ಕಳಚುವ ದ್ರಾವಣ ಬಳಸಿ, ಕೈಗವಸು ಹಾಕಿಕೊಳ್ಳಿ. ಆಳವಾದ ತುಕ್ಕಿಗೆ ನಾನು ವಿದ್ಯುತ್ ವಿಧಾನವನ್ನೇ ನೆಚ್ಚಿಕೊಂಡಿದ್ದೇನೆ. ಪ್ಲಾಸ್ಟಿಕ್ ತೊಟ್ಟಿಯ ನೀರಿಗೆ ಬಟ್ಟೆಸೋಡಾ ಕರಗಿಸಿ, ಬ್ಯಾಟರಿ ಚಾರ್ಜರ್‌ನ ಋಣ ತುದಿಯನ್ನು ವೈಸ್‌ಗೂ, ಧನ ತುದಿಯನ್ನು ಸಾಧಾರಣ ಕಬ್ಬಿಣದ ತಗಡಿಗೂ ಜೋಡಿಸಿ, ಎರಡೂ ಒಂದಕ್ಕೊಂದು ತಾಗದಂತೆ ಇಳಿಬಿಡಬೇಕು. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಎಂದಿಗೂ ಬೇಡ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಹೈಡ್ರೋಜನ್ ಹೊರಬರುವ ಕಾರಣ ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರವಿಡಿ. ಕೈ ಹಾಕುವ ಮೊದಲು ಚಾರ್ಜರ್ ಆರಿಸಿ. ತೊಟ್ಟಿಯಿಂದ ತೆಗೆದ ಕೂಡಲೇ ತೊಳೆದು ಒಣಗಿಸಿ ಎಣ್ಣೆ ಸವರದಿದ್ದರೆ ನೋಡನೋಡುತ್ತಲೇ ಹೊಸ ತುಕ್ಕು ಹತ್ತುತ್ತದೆ.

ಮೂಲ ಬಣ್ಣ ಅರ್ಧದಷ್ಟಾದರೂ ಉಳಿದಿದ್ದರೆ ಅದನ್ನು ತೆಗೆಯದೆ ಎಣ್ಣೆ ಒರೆಸಿ ಬಿಡುವುದೇ ನನ್ನ ಸಲಹೆ, ಸಂಗ್ರಹಕಾರರೂ ಅದನ್ನೇ ಮೆಚ್ಚುತ್ತಾರೆ. ನಿಮ್ಮ ವೈಸ್‌ನ ಪಕ್ಕದ ಅಕ್ಷರಗಳು, ಸ್ಲೈಡ್‌ನ ಅಡಿಭಾಗ ಮತ್ತು ಸ್ಕ್ರೂವಿನ ಹ್ಯಾಂಡಲ್ ಕಡೆಯ ಥ್ರೆಡ್, ಈ ಮೂರರ ಫೋಟೋಗಳನ್ನು ನಿಮ್ಮ ಪ್ರಶ್ನೆಗೆ ಸೇರಿಸಿದರೆ ತಯಾರಕರು ಯಾರೆಂಬುದನ್ನೂ, ಕೊಳ್ಳಬಹುದೇ ಎಂಬುದನ್ನೂ ಇದಕ್ಕಿಂತ ಖಚಿತವಾಗಿ ಹೇಳಲು ಪ್ರಯತ್ನಿಸುತ್ತೇನೆ.