ಎರವಲು ವಂಶಾವಳಿ: ಒಂದು ಆಪ್ತಸಲಹೆ ಪ್ರಕರಣ

ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ ಸೋಮಾಲಿಯಾದಿಂದ ಬಂದು ನೆಲೆಸಿದ ಕುಟುಂಬಗಳು ಬಹಳ. ಅಲ್ಲಿ ಆಪ್ತಸಲಹೆಗಾರ್ತಿಯಾಗಿರುವ ನನ್ನ ಬಳಿಗೆ ಬಂದ ಪ್ರಕರಣವಿದು. ಗುರುತು ಸಿಗದಂತೆ ವಯಸ್ಸು, ಓದು, ಊರು ಮತ್ತು ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ.

ಬಂದವರು ನರ್ಸಿಂಗ್ ಓದುತ್ತಿದ್ದ, ಇಪ್ಪತ್ತರ ಆಸುಪಾಸಿನ ಯುವತಿ. ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ, ತರಗತಿಗೆ ಹೋಗಲು ಕಾಲೇಳುವುದಿಲ್ಲ ಎಂಬುದು ದೂರು. ಮೊದಲ ಭೇಟಿಯಲ್ಲಿ ಅವರ ಬಲ ಅಂಗೈ ತುಂಬ ಗೋರಂಟಿಯ ಬಣ್ಣವಿತ್ತು, ಎಡಗೈ ಬರಿದಾಗಿತ್ತು. ಗೆಳತಿಯ ಮದುವೆಯ ಗೋರಂಟಿ ಶಾಸ್ತ್ರದಲ್ಲಿ ಒಂದು ಕೈ ಮುಗಿದ ಹೊತ್ತಿಗೆ, ಗೆಳತಿಯ ಸೋದರತ್ತೆ "ನೀನು ಯಾರ ಪೈಕಿ, ಮಗಳೇ?" ಎಂದು ವಿಚಾರಿಸಿದ್ದಾರೆ. ತಂದೆ, ಅಜ್ಜ, ಮುತ್ತಜ್ಜ ಎಂದು ಹೆಸರುಗಳ ಸಾಲನ್ನು ಬಾಯಿಪಾಠ ಮಾಡಿಸುವುದು ಸೋಮಾಲಿ ಮನೆಗಳಲ್ಲಿ ವಾಡಿಕೆ. ಇವರೂ ತಂದೆ ಕಲಿಸಿದ್ದನ್ನು ಒಪ್ಪಿಸಿದರು. ಐದನೆಯ ಹೆಸರು ಬರುತ್ತಿದ್ದಂತೆ ಆಕೆ ಕೈ ಎತ್ತಿ ತಡೆದು, ಅದು ತಮ್ಮ ತವರಿನ ಸಾಲೆಂದೂ ಆ ಮನೆಯಲ್ಲಿ ಇಂಥ ಕೂದಲಿನವರು ಹುಟ್ಟಿಯೇ ಇಲ್ಲವೆಂದೂ ಹೇಳಿದರು. ಪಕ್ಕದಲ್ಲಿದ್ದವರು ನಕ್ಕರು. ಯಾರೋ "ಜರೀರ್" ಎಂದರು. ಗಡಸು ಗುಂಗುರು ಕೂದಲಿನವರು ಎಂಬ ಅರ್ಥದ ಈ ಮಾತು ಅಲ್ಲಿ ಬಣ್ಣನೆಯೂ ಹೌದು, ಬೈಗುಳವೂ ಹೌದು. ಯುವತಿ ಇನ್ನೊಂದು ಕೈಗೆ ಹಾಕಿಸಿಕೊಳ್ಳದೆ ಎದ್ದು ಮನೆಗೆ ಬಂದರು.

"ನಾನು ಸುಳ್ಳು ಹೇಳಿ ಸಿಕ್ಕಿಬಿದ್ದೆ" ಎಂದೇ ಅವರು ಮಾತು ಆರಂಭಿಸಿದ್ದು.

ಒಂದೇ ಭಾಷೆ, ಒಂದೇ ಧರ್ಮ, ಒಂದೇ ಮೂಲದ ಜನ ಎಂದು ಸೋಮಾಲಿಯಾವನ್ನು ಬಣ್ಣಿಸುವುದು ರೂಢಿ. ಒಂಟೆ ಮೇಯಿಸುವ ಅಲೆಮಾರಿಯನ್ನೂ ಆತನ ಪಿತೃವಂಶವನ್ನೂ ರಾಷ್ಟ್ರದ ಮುಖವಾಗಿಸಿದ ಈ ಚಿತ್ರದಲ್ಲಿ ಜುಬ್ಬಾ ಮತ್ತು ಶೆಬೆಲ್ಲೆ ನದಿಗಳ ದಂಡೆಯ ರೈತರಿಗೆ ಜಾಗ ಸಿಗಲಿಲ್ಲ. ಕಮ್ಮಾರಿಕೆ, ಚರ್ಮದ ಕೆಲಸ ಮಾಡುವ ತುಮಾಲ್, ಮದಿಬಾನ್ ಸಮುದಾಯಗಳಿಗೂ, ಸ್ವಾಹಿಲಿಯ ಒಂದು ಉಪಭಾಷೆಯಾಡುವ ಬರಾವಾ ಪಟ್ಟಣದವರಿಗೂ ಅದು ಪೂರ್ತಿ ದಕ್ಕಿದ್ದಲ್ಲ. ಈ ಯುವತಿಯ ಹಿರಿಯರು ಇಂದು ಸೋಮಾಲಿ ಬಂಟು ಎಂದು ಕರೆಯಲಾಗುವವರು. 19ನೆಯ ಶತಮಾನದಲ್ಲಿ ಇಂದಿನ ತಾಂಜಾನಿಯಾ, ಮೊಜಾಂಬಿಕ್, ಮಲಾವಿ ಕಡೆಗಳಿಂದ ಹಿಡಿದು ತಂದು ಮಾರಲಾದವರ ಸಂತತಿ ಇವರಲ್ಲಿ ದೊಡ್ಡ ಪಾಲು. ಅದೇ ಹಿಂದೂ ಮಹಾಸಾಗರದ ಗುಲಾಮರ ವ್ಯಾಪಾರದ ಇನ್ನೊಂದು ಕವಲು ಗೋವೆಯ ಮೂಲಕ ನಮ್ಮ ಯಲ್ಲಾಪುರ, ಹಳಿಯಾಳಗಳ ಸಿದ್ದಿಯರವರೆಗೆ ಬಂದಿದೆಯಾದ್ದರಿಂದ, "ನಿಮ್ಮ ಮೂಲ ಯಾವುದು" ಎಂಬ ಪ್ರಶ್ನೆಯ ಚುಚ್ಚು ಕನ್ನಡ ಓದುಗರಿಗೆ ತೀರ ಅಪರಿಚಿತವಲ್ಲ.

ಎರಡನೆಯ ಭೇಟಿಯಲ್ಲಿ ನಾನು ಕೊಟ್ಟ ಸಲಹೆ ಒಂದೇ: ಸುಳ್ಳು ಎಂಬ ಮಾತನ್ನು ಸದ್ಯಕ್ಕೆ ಬದಿಗಿಟ್ಟು, ಆ ಹೆಸರುಗಳು ಮನೆಗೆ ಹೇಗೆ ಬಂದವೆಂದು ತಂದೆಯವರನ್ನೇ ಕೇಳಿ, ಬೇಕಿದ್ದರೆ ಇಲ್ಲಿಯೇ ಕೇಳಿ. ತಂದೆ ಬರಲು ಒಪ್ಪಿದರು. ಆದರೆ ಸ್ಥಳೀಯ ಸೋಮಾಲಿ ದುಭಾಷಿಯನ್ನು ಕರೆಸಬೇಡಿ, ಅಪ್ಪ ಅವರೆದುರು ಬಾಯಿ ಬಿಡುವುದಿಲ್ಲ ಎಂದು ಮಗಳು ಮೊದಲೇ ಎಚ್ಚರಿಸಿದ್ದರು. 1972ರಲ್ಲಿ ಲ್ಯಾಟಿನ್ ಲಿಪಿಯಲ್ಲಿ ಅಧಿಕೃತವಾದದ್ದು ಉತ್ತರದ ಪ್ರಭೇದವನ್ನು ಆಧರಿಸಿದ ಸೋಮಾಲಿ. ದಕ್ಷಿಣದ ನದಿಬಯಲಿನ ಬಹಳ ಮನೆಗಳ ಮಾತು ಮಾಯ್, ಒಂದನ್ನು ಆಡುವವರಿಗೆ ಇನ್ನೊಂದು ಅಷ್ಟು ಸುಲಭವಾಗಿ ಅರ್ಥವಾಗುವಂಥದ್ದಲ್ಲ. ಬೇರೆ ನಗರದ ಮಾಯ್ ದುಭಾಷಿಯನ್ನು ಫೋನಿನಲ್ಲಿ ಗೊತ್ತುಮಾಡಿದೆವು. ಸೋಮಾಲಿ ಕುಟುಂಬಗಳೊಂದಿಗೆ ಕೆಲಸ ಮಾಡುವ ಸಹೋದ್ಯೋಗಿಗಳು ಈ ಒಂದು ವಿಷಯವನ್ನಾದರೂ ಗಮನಿಸಬೇಕು: ದುಭಾಷಿ ಯಾವ ಮಾತಿನವರು, ಯಾವ ಕುಲದವರು ಎಂಬುದು ಕೋಣೆಯಲ್ಲಿ ಏನು ಹೊರಬರುತ್ತದೆ ಎಂಬುದನ್ನು ನಿರ್ಧರಿಸುತ್ತದೆ.

ತಂದೆ ನಿಧಾನವಾಗಿ ಹೇಳಿದ್ದು ಇಷ್ಟು. ಬಲವಾದ ಕುಲವೊಂದರ ಆಶ್ರಯ ಪಡೆದು ಅದರ ವಂಶಾವಳಿಯನ್ನೇ ತಮ್ಮದೆಂದು ಹೇಳಿಕೊಳ್ಳುವ ಪದ್ಧತಿ ದಕ್ಷಿಣದಲ್ಲಿ ಹಳೆಯದು. ಅದಕ್ಕೆ ಶೇಗಡ್ ಎನ್ನುತ್ತಾರೆ. ಕೊಲೆಯಾದರೆ ಒಂಟೆಗಳ ಲೆಕ್ಕದಲ್ಲಿ ಪರಿಹಾರ ಕೇಳುವುದೂ ಕೊಡುವುದೂ ಕುಲವೇ ಆಗಿರುವಲ್ಲಿ, ಕೇಳಲು ಯಾರೂ ಇಲ್ಲದವನನ್ನು ಕೊಂದವನಿಗೆ ಭಯವಿರುವುದಿಲ್ಲ. "ಆ ಹೆಸರುಗಳಿದ್ದ ಕಾರಣ ನನ್ನ ಅಣ್ಣನ ಸಾವಿಗೆ ಪರಿಹಾರ ಸಿಕ್ಕಿತು, ಪಕ್ಕದ ಮನೆಯವರಿಗೆ ಅದೂ ಸಿಗಲಿಲ್ಲ" ಎಂದರು. 1991ರಲ್ಲಿ ಸರ್ಕಾರ ಕುಸಿದಾಗ ಆಶ್ರಯ ಕೊಟ್ಟವರೂ ಕೈಬಿಟ್ಟರು, ಕಣಜದ ಜೋಳ ಲೂಟಿಯಾಯಿತು, ಕುಟುಂಬ ಕೀನ್ಯಾದ ದದಾಬ್ ನಿರಾಶ್ರಿತ ಶಿಬಿರ ಸೇರಿತು. ಬಂಟುಗಳಲ್ಲಿ ಸುಮಾರು 12,000 ಜನರನ್ನು ಅಮೆರಿಕ ಕರೆಸಿಕೊಂಡಾಗ ಇಲ್ಲಿಗೆ ಬಂದರು. ಹೆಸರಿನ ಸಾಲನ್ನು ಮಕ್ಕಳಿಗೆ ಕಲಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ತನ್ನ ಅಜ್ಜನ ಅಜ್ಜ ಮಲಾವಿ, ಮೊಜಾಂಬಿಕ್ ಕಡೆಯ "ಯಾವೋ" (Yao) ಎಂಬ ಜನಾಂಗದವನೆಂಬುದನ್ನು ಮಗಳೆದುರು ಅವರು ಹೇಳಿದ್ದು ಅಂದೇ ಮೊದಲು.

ಮೂರನೆಯ ಭೇಟಿಗೆ ಬಂದಾಗ ನಾಚಿಕೆ ಇಳಿದು ಸಿಟ್ಟು ಏರಿತ್ತು. ಸೋಮಾಲಿಯಾ ಸಂಸತ್ತಿನ ಕೆಳಮನೆಯ 275 ಸ್ಥಾನಗಳಲ್ಲಿ ನಾಲ್ಕು ದೊಡ್ಡ ಕುಲಗಳಿಗೆ ತಲಾ 61, ಉಳಿದ ಎಲ್ಲ ಅಲ್ಪಸಂಖ್ಯಾತರಿಗೂ ಸೇರಿ 31 ಎಂದು ಹಂಚಿದ ಲೆಕ್ಕವನ್ನು, ಜಿಬೂಟಿಯ ಅರ್ತಾದಲ್ಲಿ 2000ದಲ್ಲಿ ನಡೆದ ಸೋಮಾಲಿ ಶಾಂತಿ ಸಮ್ಮೇಳನದಿಂದ ಬಂದ, ದೊಡ್ಡ ಕುಲಗಳಿಗೆ ತಲಾ ಒಂದು ಪಾಲು, ಉಳಿದವರಿಗೆಲ್ಲ ಸೇರಿ ಅರ್ಧ ಪಾಲು ಎಂಬ ಆ "ನಾಲ್ಕೂವರೆ" ಸೂತ್ರವನ್ನು, ಅವರು ಓದಿಕೊಂಡು ಬಂದಿದ್ದರು. "ನಾನು ಆ ಅರ್ಧದಲ್ಲೊಂದು ಚೂರು. ಇನ್ನು ಸೋಮಾಲಿ ಎಂದು ಹೇಳಿಕೊಳ್ಳುವುದೇ ಇಲ್ಲ" ಎಂದರು. 2018ರಲ್ಲಿ ಮೊಗದಿಶುವಿನಲ್ಲಿ ಬೇರೆ ಕುಲದ ಹುಡುಗಿಯನ್ನು ಬಂಟು ಯುವಕ ಮದುವೆಯಾದದ್ದಕ್ಕೆ ಆ ಯುವಕನ ಹತ್ತಿರದ ಸಂಬಂಧಿಯನ್ನು ಸುಟ್ಟು ಕೊಂದ ಸುದ್ದಿ ಬಂದಂದಿನಿಂದ ಮನೆಯಲ್ಲಿ ಮದುವೆಯ ಮಾತೆತ್ತಿದರೆ ಅಪ್ಪ ಗದರುತ್ತಾರೆ ಎಂದೂ ತಿಳಿಸಿದರು.

"ನಾವೆಲ್ಲ ಸೋಮಾಲಿಗಳೇ, ಕುಲದ ಮಾತೇಕೆ" ಎಂಬ ಸಮಾಧಾನವನ್ನು ನಾನು ಹೇಳಲಿಲ್ಲ. ಇಡೀ ಪಾಲು ಸಿಕ್ಕವರ ಬಾಯಲ್ಲಿ ಸಲೀಸಾಗಿ ಬರುವ ಮಾತದು. ಸೋಮಾಲಿಯಾದ ಸರ್ವಾಧಿಕಾರಿಯಾಗಿದ್ದ ಸಿಯಾದ್ ಬರ್ರೆಯ ಆಡಳಿತ 1970ರ ದಶಕದಲ್ಲಿ ಕುಲಭಾವನೆಯ ಪ್ರತಿಕೃತಿ ಸುಟ್ಟು ಅದನ್ನೇ ಸಾರಿತ್ತು, ಕುಲ ಎಲ್ಲಿಗೂ ಹೋಗಲಿಲ್ಲ. ನನ್ನ ಸಲಹೆ ಬೇರೆಯಿತ್ತು. ಸಿಟ್ಟು ನ್ಯಾಯವಾದದ್ದು, ಆದರೆ ನೀವು ಸೋಮಾಲಿ ಹೌದೋ ಅಲ್ಲವೋ ಎಂಬುದನ್ನು ಆ ಸೋದರತ್ತೆಯ ಮಾತಿನ ಮೇಲೆ ತೀರ್ಮಾನಿಸಬೇಡಿ; ಈ ವರ್ಷ ತೀರ್ಮಾನಿಸಲೇಬೇಕೆಂದೂ ಇಲ್ಲ. ಯಾರಾದರೂ ಯಾರ ಪೈಕಿ ಎಂದು ಕೇಳಿದರೆ ಸಾಲು ಒಪ್ಪಿಸುವ ಹಂಗು ನಿಮಗಿಲ್ಲ; "ಜುಬ್ಬಾ ದಂಡೆಯ ರೈತರು, ಮನೆಯಲ್ಲಿ ಮಾಯ್ ಆಡುತ್ತೇವೆ" ಎನ್ನಬಹುದು, ಅಥವಾ ಉತ್ತರಿಸದೆಯೂ ಇರಬಹುದು. ಮದುವೆಯ ವಿಷಯದಲ್ಲಿ ತಂದೆಯ ಭಯವನ್ನು ಮೂಢತನವೆಂದು ತಳ್ಳಿಹಾಕದೆ, ಕೊಲಂಬಸ್‌ನಲ್ಲಿ ಅದು ಎಷ್ಟು ಅನ್ವಯಿಸುತ್ತದೆ ಎಂದು ಅವರೊಂದಿಗೇ ಕೂತು ಮಾತಾಡಿ. ಗೆಳತಿ ಆ ರಾತ್ರಿಯಿಂದ ಕಳಿಸುತ್ತಿದ್ದ ಸಂದೇಶಗಳಿಗೆ ಉತ್ತರ ಕೊಡುವುದು ಬಿಡುವುದು ಅವರ ಇಷ್ಟ, ಆದರೆ ನಕ್ಕವರಲ್ಲಿ ಗೆಳತಿ ಇದ್ದಳೇ ಎಂಬುದನ್ನು ಖಚಿತಪಡಿಸಿಕೊಳ್ಳಿ ಎಂದೆ. ಇರಲಿಲ್ಲವಂತೆ; ಆಗ ಅವಳು ಒಳಕೋಣೆಯಲ್ಲಿದ್ದಳು.

ಈಗ ಯುವತಿ ತರಗತಿಗೆ ಹೋಗುತ್ತಿದ್ದಾರೆ, ನಿದ್ದೆ ಸುಧಾರಿಸಿದೆ. ಗೆಳತಿಯೊಂದಿಗೆ ಮಾತು ಮತ್ತೆ ಆರಂಭವಾಗಿದೆ, ಸೋದರತ್ತೆಯ ಮನೆಗೆ ಹೋಗುವುದಿಲ್ಲ. ಮನೆಯ ಕಿರಿಯ ಮಗನಿಗೆ ಯಾವ ಸಾಲು ಕಲಿಸಬೇಕೆಂಬ ಬಗ್ಗೆ ತಂದೆ ಮಗಳಿಗೆ ಇನ್ನೂ ಒಮ್ಮತವಿಲ್ಲ: ಎರಡನ್ನೂ ಕಲಿಸೋಣ ಎಂಬುದು ತಂದೆಯ ಮಾತು, ಆ "ಯಾವೋ" ಜನಾಂಗದ ಅಜ್ಜನಿಂದಲೇ ಆರಂಭಿಸಬೇಕೆಂಬುದು ಮಗಳ ಹಟ. ಮುಂದಿನ ಭೇಟಿಗೆ ತಾಯಿಯೂ ಬರುವವರಿದ್ದಾರೆ.